ದುಬೈಗೆ ಹೊರಡುವ ಮುನ್ನ, ಇಳಿದ ಮೇಲೆ: ಹೊಸಬರು ತಿಳಿದಿರಬೇಕಾದ ಸಂಗತಿಗಳು

ಕರಾವಳಿಯ ನಮ್ಮ ಹಿರಿಯರು ಗಲ್ಫ್‌ಗೆ ಹೋಗುತ್ತಿದ್ದುದು ಮುಂಬಯಿಯಿಂದ ಹಡಗು ಹತ್ತಿ. 'ದ್ವಾರಕಾ' ಎಂಬ ಪ್ರಯಾಣಿಕರ ಹಡಗು 1982ರವರೆಗೂ ಆ ದಾರಿಯಲ್ಲಿ ಓಡಾಡುತ್ತಿತ್ತು. ಆಗಿನ ದುಬೈಯಲ್ಲಿ ನಮ್ಮದೇ ರೂಪಾಯಿ ನಡೆದ ಕಾಲವೂ ಒಂದಿತ್ತು. ಭಾರತೀಯ ರಿಸರ್ವ್ ಬ್ಯಾಂಕು 1959ರಲ್ಲಿ ಹೊರತಂದ 'ಗಲ್ಫ್ ರೂಪಾಯಿ' ಅಲ್ಲಿ 1966ರವರೆಗೆ ಚಲಾವಣೆಯಲ್ಲಿತ್ತು. 2006ರ ಅಕ್ಟೋಬರಿನಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾಯಿತು. ದಾರಿ ಸುಲಭವಾಯಿತು, ಆದರೆ ಹೊಸ ದೇಶದಲ್ಲಿ ಬದುಕು ಕಟ್ಟಿಕೊಳ್ಳುವ ಕೆಲಸ ಇಂದಿಗೂ ಸುಲಭವಲ್ಲ. ಮೊದಲ ಬಾರಿಗೆ ಸಂಯುಕ್ತ ಅರಬ್ ಸಂಸ್ಥಾನಕ್ಕೆ (ಯುಎಇ) ಹೊರಟವರಿಗೂ, ಅವರಿಗೆ ಸಲಹೆ ಕೊಡಬೇಕಾದ ವಾಳೆಯ ಗುರಿಕಾರರಿಗೂ ಉಪಯೋಗವಾಗಲೆಂದು ಈ ಮಾಹಿತಿ.

ಹೆಸರು ಮತ್ತು ದಾಖಲೆ

ನಮ್ಮವರಲ್ಲಿ ಹೆಚ್ಚಿನ ತೊಂದರೆ ಶುರುವಾಗುವುದು ಹೆಸರಿನಿಂದ. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಒಂದರಲ್ಲಿ ಮನೆತನದ ಹೆಸರು ಇದ್ದರೆ ಇನ್ನೊಂದರಲ್ಲಿ ಬರೀ ಇನಿಶಿಯಲ್. 2022ರ ನವೆಂಬರಿನಿಂದ ಒಂದೇ ಹೆಸರು ಇರುವ ಪಾಸ್‌ಪೋರ್ಟಿಗೆ ಯುಎಇ ವಿಸಿಟ್ ವೀಸಾದಲ್ಲಿ ನಿರ್ಬಂಧ ಹಾಕಿದೆ. ಮುಂದೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಾಗ ಮದುವೆ ಮತ್ತು ಜನನ ಪ್ರಮಾಣಪತ್ರಗಳಲ್ಲಿ ಹೆಸರು ಹೊಂದಿಕೆಯಾಗಬೇಕು. ಆದ್ದರಿಂದ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ, ಅಕ್ಷರ ಅಕ್ಷರ ಹೋಲಿಸಿ ನೋಡಿ. ತಿದ್ದುಪಡಿ ಊರಲ್ಲಿದ್ದಾಗಲೇ ಆಗಬೇಕು.

ಪದವಿ ಬೇಕಾಗುವ ಕೆಲಸಗಳಿಗೆ ಸರ್ಟಿಫಿಕೇಟ್ ದೃಢೀಕರಣ ಮಾಡಿಸಬೇಕಾಗುತ್ತದೆ. ಅದು ರಾಜ್ಯ ಸರಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಎಂದು ಹಂತ ಹಂತವಾಗಿ ನಡೆಯುವ ಕೆಲಸ. ಇದಕ್ಕೆ ವಾರಗಳೇ ಹಿಡಿಯುವುದುಂಟು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ವರ್ಗದ್ದು. ಅಂಥವರು ಕೆಲಸಕ್ಕೆ ಹೋಗಲು ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ಅನುಮತಿ ಪಡೆಯಬೇಕು. ಇದರೊಂದಿಗೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ಈ ವರ್ಗದ ಪಾಸ್‌ಪೋರ್ಟ್ ಹೊಂದಿದ ಮಹಿಳೆ ಮನೆಕೆಲಸಕ್ಕೆ ಹೋಗುವುದಾದರೆ ಕನಿಷ್ಠ 30 ವರ್ಷ ಆಗಿರಬೇಕೆಂಬ ನಿಯಮವೂ ಉಂಟು. 'ಅನುಮತಿಯೆಲ್ಲ ಬೇಡ, ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ' ಎನ್ನುವ ಏಜೆಂಟರ ಮಾತಿಗೆ ಮರುಳಾಗಬೇಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನುಬಾಹಿರ. ಸಿಕ್ಕಿಬಿದ್ದಾಗ ಏಜೆಂಟ್ ಊರಲ್ಲಿರುತ್ತಾನೆ, ನೀವು ಅಲ್ಲಿರುತ್ತೀರಿ.

ಊರಲ್ಲೇ ಒಮ್ಮೆ ಎದೆಯ ಎಕ್ಸ್‌ರೇ ತೆಗೆಸುವುದು ಒಳ್ಳೆಯದು. ಅಲ್ಲಿ ಇಳಿದ ಮೇಲೆ ನಡೆಯುವ ವೈದ್ಯಕೀಯ ಪರೀಕ್ಷೆಯಲ್ಲಿ ಕ್ಷಯ ಮತ್ತು ಎಚ್‌ಐವಿ ತಪಾಸಣೆ ಇರುತ್ತದೆ. ಸಾಲ ಮಾಡಿ ಹೋದವರು ಆ ಹಂತದಲ್ಲಿ ಹಿಂದೆ ಬರುವಂತಾದರೆ ಮನೆಗೆ ದೊಡ್ಡ ಹೊಡೆತ.

ಒಪ್ಪಂದ ಓದಿ ಸಹಿ ಮಾಡಿ

2022ರ ಫೆಬ್ರವರಿ 2ರಂದು ಯುಎಇಯ ಹೊಸ ಕಾರ್ಮಿಕ ಕಾನೂನು ಜಾರಿಗೆ ಬಂದಿತು. ಖಾಸಗಿ ಕಂಪನಿಗಳ ನೌಕರರಿಗೆ ಅದರ ಮುಖ್ಯ ಅಂಶಗಳು ಹೀಗಿವೆ:

- ಪ್ರೊಬೇಷನ್ ಅವಧಿ 6 ತಿಂಗಳಿಗಿಂತ ಹೆಚ್ಚಿರುವಂತಿಲ್ಲ.
- ಸಾಮಾನ್ಯ ಕೆಲಸದ ಅವಧಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ.
- ಒಂದು ವರ್ಷ ಪೂರೈಸಿದವರಿಗೆ ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ.
- ವೀಸಾ ಮತ್ತು ನೇಮಕಾತಿ ವೆಚ್ಚ ಮಾಲಿಕನದ್ದು. ಅದನ್ನು ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ.
- ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಬೇಕು. ಮಾಲಿಕ ಇಟ್ಟುಕೊಳ್ಳುವಂತಿಲ್ಲ.

ಮನೆಕೆಲಸದವರಿಗೆ ಬೇರೆ ಕಾನೂನಿದೆ. ಅವರಿಗೂ ವಾರಕ್ಕೊಂದು ದಿನ ಸಂಬಳ ಸಹಿತ ವಿಶ್ರಾಂತಿ ಸಿಗಬೇಕು.

ಸಂಬಳದ ಪತ್ರದಲ್ಲಿ 'ಬೇಸಿಕ್' ಎಷ್ಟು ಎಂಬುದನ್ನು ಮೊದಲು ನೋಡಿ. ಊರಿಗೆ ಮರಳುವಾಗ ಸಿಗುವ ಗ್ರ್ಯಾಚುಟಿ ಲೆಕ್ಕ ಆಗುವುದು ಬೇಸಿಕ್ ಮೇಲೆ ಮಾತ್ರ. ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ನಂತರದ ವರ್ಷಗಳಿಗೆ 30 ದಿನದ್ದು. ಉದಾಹರಣೆಗೆ, ಒಬ್ಬರಿಗೆ ಒಟ್ಟು 3,000 ದಿರ್ಹಮ್ ಸಂಬಳವಿದ್ದು ಬೇಸಿಕ್ 1,500 ಮಾತ್ರ ಇದೆಯೆನ್ನಿ. ದಿನಕ್ಕೆ 50 ದಿರ್ಹಮ್ ಆಯಿತು. 7 ವರ್ಷ ದುಡಿದರೆ ಮೊದಲ ಐದು ವರ್ಷಕ್ಕೆ 5,250, ಉಳಿದ ಎರಡಕ್ಕೆ 3,000, ಒಟ್ಟು 8,250 ದಿರ್ಹಮ್. ಬೇಸಿಕ್ 2,000 ಇದ್ದಿದ್ದರೆ ಇದೇ ಮೊತ್ತ 11,000 ಆಗುತ್ತಿತ್ತು. ಒಟ್ಟು ಸಂಬಳವನ್ನು ಮಾತ್ರ ನೋಡಿ ಒಪ್ಪಿಕೊಂಡವರಿಗೆ ಈ ವ್ಯತ್ಯಾಸ ತಿಳಿಯುವುದು ಕೊನೆಯ ದಿನ.

ದಿನನಿತ್ಯದ ಹೊಸ ಪಾಠಗಳು

ಪೆಟ್ಟಿಗೆ ಕಟ್ಟುವಾಗ ಅಮ್ಮಂದಿರು ಗಮನಿಸಬೇಕಾದ ವಿಷಯ: ಗಸಗಸೆ ಅಲ್ಲಿ ನಿಷಿದ್ಧ ವಸ್ತು. ಮಸಾಲೆ ಪುಡಿಯಲ್ಲೂ, ಸಿಹಿತಿಂಡಿಯಲ್ಲೂ ಹಾಕಿ ಕಳುಹಿಸಬೇಡಿ. ವೀಳ್ಯದೆಲೆ, ಪಾನ್ ಸಹ ಬೇಡ. ಕೊಡೀನ್, ಟ್ರಮಡಾಲ್‌ನಂತಹ ಅಂಶವಿರುವ ಕೆಮ್ಮಿನ ಔಷಧ ಮತ್ತು ನೋವಿನ ಮಾತ್ರೆಗಳಿಗೆ ಮೊದಲೇ ಅನುಮತಿ ಬೇಕು. ಬೇರೆಯವರು ಕೊಡುವ ಪೊಟ್ಟಣವನ್ನು ಬಿಚ್ಚಿ ನೋಡದೆ ತೆಗೆದುಕೊಂಡು ಹೋಗಬೇಡಿ, ಅವರು ಸಂಬಂಧಿಕರೇ ಆಗಿರಲಿ.

ಗಡಿಯಾರ ಒಂದೂವರೆ ಗಂಟೆ ಹಿಂದೆ. ಪ್ಲಗ್ಗಿಗೆ ಚೌಕ ಮೂರು ಕಡ್ಡಿ. ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಆದ್ದರಿಂದ ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ನಮ್ಮ ಅಭ್ಯಾಸಕ್ಕೆ ಇದು ತಿರುವುಮುರುವು. ದುಬೈ ಮೆಟ್ರೋದಲ್ಲಿ ತಿಂದರೆ, ಕುಡಿದರೆ 100 ದಿರ್ಹಮ್ ದಂಡ. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ. ಆಗ ಗೀಸರ್ ಆಫ್ ಮಾಡಿಟ್ಟರೆ ಅದರೊಳಗಿನ ನೀರು ಸ್ವಲ್ಪ ತಂಪಾಗಿರುತ್ತದೆ, ಸ್ನಾನಕ್ಕೆ ಬಿಸಿನೀರಿನ ನಲ್ಲಿ ತಿರುಗಿಸುವುದು ಅಲ್ಲಿನವರ ಉಪಾಯ. ಬಯಲಲ್ಲಿ ದುಡಿಯುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಕಡ್ಡಾಯ ವಿರಾಮವಿದೆ. ತುರ್ತಿಗೆ ಪೊಲೀಸ್ 999, ಆಂಬುಲೆನ್ಸ್ 998.

ವಾಟ್ಸಾಪ್ ಸಂದೇಶ ಹೋಗುತ್ತದೆ, ಆದರೆ ಅದರಲ್ಲಿ ಕರೆ ಸಾಮಾನ್ಯವಾಗಿ ಸಿಗುವುದಿಲ್ಲ. ಬೋಟಿಮ್‌ನಂತಹ ಅನುಮತಿ ಪಡೆದ ಆ್ಯಪ್‌ಗಳನ್ನು ಬಳಸಬೇಕು. ಹೊರಡುವ ಮುನ್ನವೇ ತಂದೆತಾಯಿಯ ಫೋನಿನಲ್ಲಿ ಅದನ್ನು ಹಾಕಿ, ಬಳಸಲು ಕಲಿಸಿ ಹೋಗಿ. ಇಲ್ಲವಾದರೆ 'ಮಗ ಫೋನೇ ಮಾಡುವುದಿಲ್ಲ' ಎಂದು ಅವರು ಕಣ್ಣೀರು ಹಾಕುತ್ತಾರೆ. ಸಂದೇಶಗಳಲ್ಲಿ ಬೈಗುಳ, ಅನುಮತಿಯಿಲ್ಲದೆ ಬೇರೆಯವರ ಫೋಟೊ ತೆಗೆಯುವುದು ಅಲ್ಲಿ ಅಪರಾಧ. ಸಿಮ್ ಕಾರ್ಡನ್ನಾಗಲಿ ಬ್ಯಾಂಕ್ ಖಾತೆಯನ್ನಾಗಲಿ ಸ್ನೇಹಿತರ ಉಪಯೋಗಕ್ಕೆ ಕೊಡಬೇಡಿ.

ಊರಿನ ಬ್ಯಾಂಕಿನಲ್ಲಿರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ದುಡಿದ ಹಣ ಕಳುಹಿಸಲು ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ.

ಧಾರ್ಮಿಕ ಜೀವನ

ದುಬೈಯ ಸಂತ ಮೇರಿ ಚರ್ಚ್ 1967ರಲ್ಲಿ, ಜೆಬೆಲ್ ಅಲಿಯ ಸಂತ ಫ್ರಾನ್ಸಿಸ್ ಅಸ್ಸಿಸಿ ಚರ್ಚ್ 2001ರಲ್ಲಿ ಆರಂಭವಾದವು. ಇವೆರಡೂ ಅಬುಧಾಬಿಯಲ್ಲಿ ಕೇಂದ್ರವಿರುವ ದಕ್ಷಿಣ ಅರೇಬಿಯಾ ವಿಕಾರಿಯೇಟಿಗೆ ಸೇರಿವೆ. 2019ರ ಫೆಬ್ರವರಿ 5ರಂದು ಪೋಪ್ ಫ್ರಾನ್ಸಿಸ್ ಅಬುಧಾಬಿಯಲ್ಲಿ ಬಲಿಪೂಜೆ ಅರ್ಪಿಸಿದ್ದರು. ಹಿಂದೆ ವಾರದ ರಜೆ ಶುಕ್ರವಾರ ಇದ್ದುದರಿಂದ ಅಂದೇ ಚರ್ಚುಗಳು ತುಂಬುತ್ತಿದ್ದವು. 2022ರ ಜನವರಿಯಿಂದ ಸರಕಾರಿ ರಜೆ ಶನಿವಾರ ಭಾನುವಾರಕ್ಕೆ ಬದಲಾಗಿದೆ. ಪ್ರಾರ್ಥನೆ, ಪೂಜೆ ಚರ್ಚಿನ ಆವರಣದೊಳಗೆ ಮುಕ್ತವಾಗಿ ನಡೆಯುತ್ತವೆ. ಹೊರಗೆ ಧರ್ಮಪ್ರಚಾರ ಕೂಡದು. ಕೊಂಕಣಿ ಬಲಿಪೂಜೆಯೂ ಉಂಟು. ಮೊದಲ ವಾರವೇ ಅಲ್ಲಿಗೆ ಹೋದರೆ ಊರಿನವರ ಪರಿಚಯ ಆಗುತ್ತದೆ. ಬಾಡಿಗೆಯ ಬೆಡ್ ಸ್ಪೇಸಿನಲ್ಲಿ ಒಬ್ಬರೇ ಕುಳಿತು ಮಂಕಾಗುವವರಿಗೆ ಅದೇ ದೊಡ್ಡ ಆಸರೆ.

ಚರ್ಚ್ ಕಚೇರಿಯವರಿಗೆ ಎರಡು ಮಾತು

ಮೊದಲನೆಯದು, ಹೊರಡುವವರಿಗೆ ಜ್ಞಾನಸ್ನಾನದ ಪತ್ರವನ್ನು ಕೇಳುವ ಮುಂಚೆಯೇ ಕೊಡಿ. ಮಕ್ಕಳ ಪ್ರಥಮ ಪರಮಪ್ರಸಾದಕ್ಕೆ ಅದು ಬೇಕಾಗುತ್ತದೆ. ಮದುವೆಯ ಮಾತುಕತೆ ನಡೆದಾಗ ಮಾತ್ರ 6 ತಿಂಗಳೊಳಗೆ ಪಡೆದ ಹೊಸ ಪ್ರತಿ ಬೇಕು.

ಎರಡನೆಯದು ಹೆಚ್ಚು ಮುಖ್ಯ. ಚರ್ಚ್ ಕಟ್ಟಡಕ್ಕೋ, ಊರಿನ ರೋಗಿಯ ಚಿಕಿತ್ಸೆಗೋ ಹಣ ಕೂಡಿಸಲು ಗಲ್ಫ್‌ನಲ್ಲಿರುವ ಯುವಕರಿಗೆ ರಶೀದಿ ಪುಸ್ತಕ ಕಳುಹಿಸುವ ರೂಢಿ ನಮ್ಮಲ್ಲಿದೆ. ಪರವಾನಗಿ ಇಲ್ಲದೆ ವ್ಯಕ್ತಿಗಳು ದೇಣಿಗೆ ಸಂಗ್ರಹಿಸುವುದನ್ನು ಯುಎಇಯ 2021ರ ಕಾನೂನು ನಿಷೇಧಿಸುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಮನವಿ ಹಾಕುವುದೂ ಇದರಲ್ಲಿ ಸೇರುತ್ತದೆ. ನಮ್ಮ ಒಂದು ಒಳ್ಳೆಯ ಕೆಲಸಕ್ಕಾಗಿ ಯಾರದೋ ಮನೆಯ ಮಗ ಪೊಲೀಸ್ ಠಾಣೆ ಹತ್ತಬಾರದು, ಆ ಮನೆಯ ಅನ್ನ ಹೋಗಬಾರದು. ದಾನ ಕೊಡಬಯಸುವವರು ರಜೆಯಲ್ಲಿ ಊರಿಗೆ ಬಂದಾಗ ಚರ್ಚ್ ಕಚೇರಿಯಲ್ಲೇ ಕೊಡಲಿ.

ಮನೆಯವರಿಗೂ ಒಂದು ವಿನಂತಿ. ಮೊದಲ ವರ್ಷ ಹೆಚ್ಚು ಹಣ ನಿರೀಕ್ಷಿಸಬೇಡಿ. ಹೋಗಲು ಮಾಡಿದ ಸಾಲ, ಮನೆ ಬಾಡಿಗೆ, ಊಟ ಕಳೆದು ಉಳಿಯುವುದು ಸ್ವಲ್ಪವೇ. 'ಎಷ್ಟು ಕಳುಹಿಸಿದೆ' ಎಂದು ಕೇಳುವ ಮುನ್ನ 'ಊಟ ಆಯಿತಾ' ಎಂದು ಕೇಳಿ. ದೂರದಲ್ಲಿರುವವರಿಗೆ ಅಷ್ಟು ಸಾಕು.