100 ವರ್ಷ ದಾಟಿದ ಮನೆ ಸರ್ಕಾರದ ಪಾಲಾಗುತ್ತದೆಯೇ? ಹಳೆ ಮಾಳಿಗೆ ಮನೆಗಳ ಬಗ್ಗೆ ಹರಿದಾಡುವ ಮಾತುಗಳ ನಿಜ

ಮನೆಗೆ ನೂರು ವರ್ಷ ಆಗಿದೆ ಅಂತ ಯಾರಿಗೂ ಹೇಳಬೇಡಿ, ಪುರಾತತ್ವ ಇಲಾಖೆಯವರು ಬಂದು ಬೋರ್ಡ್ ಹಾಕಿ ವಶಕ್ಕೆ ತೆಗೆದುಕೊಳ್ಳುತ್ತಾರೆ. ಇಂಥದ್ದೊಂದು ಮಾತು ಹಳೆ ಮನೆಗಳಿರುವ ಊರುಗಳಲ್ಲಿ ಆಗಾಗ ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತದೆ. ಇದರ ಜೊತೆಗೇ ಬರುವ ಇನ್ನೊಂದು ಸಂದೇಶ: ಅಜ್ಜಂದಿರು ಕಟ್ಟಿದ ಕಲ್ಲಿನ ಮನೆ ಭೂಕಂಪಕ್ಕೂ ಬೀಳುವುದಿಲ್ಲ. ಮೊದಲನೆಯದನ್ನು ನಂಬಿದವರು ಒಳ್ಳೆಯ ಮನೆಯನ್ನು ಆತುರದಲ್ಲಿ ಕೆಡವುತ್ತಾರೆ. ಎರಡನೆಯದನ್ನು ನಂಬಿದವರು ಬೀಳುವ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗುತ್ತಾರೆ. ಎರಡನ್ನೂ ಒಂದೊಂದಾಗಿ ನೋಡೋಣ.

ಗಾಣಗಾಪುರ, ಅಫಜಲಪುರ, ಆಳಂದ, ಜೇವರ್ಗಿ ಕಡೆಯ ಹಳೆ ಮನೆ ಎಂದರೆ ಬಹುಮಟ್ಟಿಗೆ ಒಂದೇ ಬಗೆ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಒಳಗೆ ಮರದ ಕಂಬ, ತೊಲೆ, ಜಂತಿ, ಮೇಲೆ ಮಣ್ಣು ಹಾಸಿದ ಮಾಳಿಗೆ, ನಡುವೆ ಬೆಳಕಿಂಡಿ, ನೆಲಕ್ಕೆ ಶಹಾಬಾದ್ ಫರಸಿ. ಬೆಂಗಳೂರಿನಲ್ಲಿ 1898ರ ಪ್ಲೇಗ್ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಯ ಹಳೆ ಮನೆಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರುತ್ತದೆ. ನಮ್ಮ ಮಾಳಿಗೆ ಮನೆಗಳನ್ನು ಪರಂಪರೆ ಎಂದು ಕರೆಯುವವರೇ ಕಡಿಮೆ.

ಈಗ ಕಾನೂನು. 1958ರ ಕೇಂದ್ರ ಕಾಯಿದೆಯಾಗಲಿ, ಕರ್ನಾಟಕದ 1961ರ ಕಾಯಿದೆಯಾಗಲಿ, ಪುರಾತನ ಸ್ಮಾರಕವನ್ನು ವಿವರಿಸುವಾಗ ನೂರು ವರ್ಷದ ಮಾತನ್ನು ಹೇಳುವುದು ನಿಜ. ವದಂತಿ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಆದರೆ ನೂರು ವರ್ಷ ತುಂಬಿದ ಮಾತ್ರಕ್ಕೆ ಯಾವ ಮನೆಯೂ ಸಂರಕ್ಷಿತ ಸ್ಮಾರಕ ಆಗುವುದಿಲ್ಲ. ಕೇಂದ್ರ ಸರ್ಕಾರ ಒಂದು ಕಟ್ಟಡವನ್ನು ಸಂರಕ್ಷಿಸಬೇಕೆಂದರೆ ಅದಕ್ಕೆ ರಾಷ್ಟ್ರೀಯ ಮಹತ್ವ ಇದೆ ಎಂದು ಗುರುತಿಸಬೇಕು, ಎರಡು ತಿಂಗಳ ನೋಟಿಸ್ ಹೊರಡಿಸಿ ಅದರ ಪ್ರತಿಯನ್ನು ಸ್ಥಳದಲ್ಲೇ ಅಂಟಿಸಬೇಕು, ಆಕ್ಷೇಪಣೆ ಬಂದರೆ ಪರಿಶೀಲಿಸಬೇಕು, ಆಮೇಲೆ ರಾಜಪತ್ರದಲ್ಲಿ ಪ್ರಕಟಿಸಬೇಕು. ಇಷ್ಟಾದರೂ ಘೋಷಣೆ ಮಾಡಿದ ಕೂಡಲೇ ಮಾಲೀಕತ್ವ ಬದಲಾಗುವುದಿಲ್ಲ. ಜಮೀನು ಸರ್ಕಾರಕ್ಕೆ ಬೇಕಾದರೆ ಭೂಸ್ವಾಧೀನದ ದಾರಿ ಬೇರೆಯೇ ಇದೆ, ಅದಕ್ಕೆ ಪರಿಹಾರ ಕೊಡಬೇಕು. ರಾತ್ರಿ ಬೆಳಗಾಗುವುದರೊಳಗೆ ಬೋರ್ಡ್ ಬೀಳುವ ಕಥೆ ಬರೀ ಕಥೆ.

ಹಾಗಾದರೆ ಭಯ ಎಲ್ಲಿಂದ ಬಂತು? ಕಲಬುರಗಿ ಕೋಟೆ, ಹಫ್ತ್ ಗುಂಬಜ್‌ನಂಥ ಸಂರಕ್ಷಿತ ಸ್ಮಾರಕಗಳ ಸುತ್ತ ಇರುವವರಿಗೆ ನಿಜವಾಗಿಯೂ ನಿರ್ಬಂಧ ಇದೆ. ಕೋಟೆಯ ಒಳಗೇ ಮನೆ ಮಾಡಿಕೊಂಡವರ ವಿಷಯವಂತೂ ನ್ಯಾಯಾಲಯದವರೆಗೆ ಹೋಗಿತ್ತು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರ ಮುಂದಿನ 200 ಮೀಟರ್‌ನಲ್ಲಿ ಅನುಮತಿ ಪಡೆದು ಕಟ್ಟಬಹುದು. ಅನೇಕರಿಗೆ ಗೊತ್ತಿಲ್ಲದ ಒಂದು ಅಂಶ: 100 ಮೀಟರ್ ಒಳಗಿದ್ದರೂ, 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾಗಿದ್ದರೆ ರಿಪೇರಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅಂದರೆ ಹಳೆ ಮನೆ ಎಂಬ ದಾಖಲೆ ಇಲ್ಲಿ ನಿಮ್ಮ ಪರವಾಗಿಯೇ ನಿಲ್ಲುತ್ತದೆ. ಹಳೆ ಕರ ರಸೀದಿಗಳನ್ನು ರದ್ದಿಗೆ ಹಾಕಬೇಡಿ.

ಇನ್ನು ಗಟ್ಟಿತನದ ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆಯಿತು. ತೀವ್ರತೆ ಸುಮಾರು 6.2. ಕಿಲ್ಲಾರಿ ಮಹಾರಾಷ್ಟ್ರದ್ದಾದರೂ ಆಳಂದದಿಂದ ನೇರ ಗೆರೆ ಎಳೆದರೆ 50–60 ಕಿಲೋಮೀಟರ್ ಅಷ್ಟೇ. ಸುಮಾರು 10 ಸಾವಿರ ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಇಂಥದ್ದೇ ಮನೆಗಳು. ಗೋಡೆ ಎರಡು ಅಡಿ ದಪ್ಪ ಕಂಡರೂ ಅದು ಒಂದೇ ಗೋಡೆಯಲ್ಲ. ಒಳಗೊಂದು, ಹೊರಗೊಂದು ಕಲ್ಲಿನ ಸಾಲು, ನಡುವೆ ಮಣ್ಣು, ಚೂರುಕಲ್ಲು. ಎರಡು ಸಾಲನ್ನೂ ಹಿಡಿದಿಡುವ ಉದ್ದ ಕಲ್ಲುಗಳನ್ನು ಅಡ್ಡಲಾಗಿ ಇಡದಿದ್ದರೆ ಅಲುಗಾಟಕ್ಕೆ ಎರಡೂ ಬೇರೆ ಬೇರೆಯಾಗಿ ಕುಸಿಯುತ್ತವೆ.

ಅದಕ್ಕಿಂತ ದೊಡ್ಡ ಅಪಾಯ ತಲೆಯ ಮೇಲಿದೆ. ಲೆಕ್ಕ ಹಾಕೋಣ. 10 ಅಡಿಗೆ 12 ಅಡಿ ಕೋಣೆ, ಮಾಳಿಗೆಯ ಮಣ್ಣು ಒಂದು ಅಡಿ ದಪ್ಪ ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ಮಣ್ಣು ಸುಮಾರು 1,600 ಕಿಲೋ. ಆ ಲೆಕ್ಕದಲ್ಲಿ ಒಂದೇ ಕೋಣೆಯ ಮೇಲೆ 5 ಟನ್‌ಗೂ ಹೆಚ್ಚು ಭಾರ. ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಳೆಯದರ ಮೇಲೇ ಹೊಸ ಮಣ್ಣು ಸುರಿಯುತ್ತ ಹೋದ ಮನೆಗಳಲ್ಲಿ ದಪ್ಪ ಒಂದೂವರೆ, ಎರಡು ಅಡಿ ಆಗಿರಬಹುದು. ಅಜ್ಜ ಹಾಕಿಸಿದ ಜಂತಿ ಅಜ್ಜನ ಕಾಲದ ಭಾರಕ್ಕೆ ಹಾಕಿದ್ದು.

ಹಾಗಂತ ಮಾಳಿಗೆ ಮಣ್ಣು ಹಾಕುವ ಪದ್ಧತಿ ದಡ್ಡತನವಲ್ಲ. ಮೇಲ್ಪದರಕ್ಕೆ ಸವಳು ಮಣ್ಣೇ ಬೇಕು ಎಂದು ಹಿರಿಯರು ಹುಡುಕಿ ತರುತ್ತಿದ್ದುದಕ್ಕೆ ಕಾರಣವಿದೆ. ಅದರಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗೆ ಇಳಿಯುವುದಿಲ್ಲ. ಬೆಳೆಗೆ ಬಾರದ ಮಣ್ಣು ಮನೆಗೆ ಛತ್ರಿ! ಬೇಸಿಗೆಯಲ್ಲಿ ಮನೆ ತಂಪು ಎಂಬುದೂ ನಿಜವೇ. ದಪ್ಪ ಗೋಡೆ, ಮಣ್ಣು ಬಿಸಿಲನ್ನು ನಿಧಾನಕ್ಕೆ ಹೀರಿ, ಒಳಗೆ ಬಿಡುವ ಹೊತ್ತಿಗೆ ರಾತ್ರಿ ಆಗಿರುತ್ತದೆ. ಮಾಳಿಗೆ ಮೇಲೆ ಮಲಗುವ ರೂಢಿ ಸುಮ್ಮನೆ ಬಂದದ್ದಲ್ಲ.

ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದರೆ ಗಟ್ಟಿಯಾಗುತ್ತದೆ ಎನ್ನುವುದು ಮಾತ್ರ ತಪ್ಪು. ಸುಣ್ಣದ ಗಾರೆ ಮೆದು, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅಷ್ಟಾಗಿ ಬಿಡುವುದಿಲ್ಲ. ನೆಲದಿಂದ ಏರಿದ, ಮಾಳಿಗೆಯಿಂದ ಇಳಿದ ನೀರು ಕಲ್ಲುಗಳ ನಡುವಿನ ಮಣ್ಣಿನಲ್ಲೇ ಸಿಕ್ಕಿಕೊಂಡು ಅದನ್ನು ಕೆಸರು ಮಾಡುತ್ತದೆ. ಹೊರಗೆ ಗೋಡೆ ಹೊಸದಾಗಿ ಕಾಣುತ್ತದೆ, ಒಳಗೆ ಸಡಿಲಾಗುತ್ತಿರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗಿನಂತೆ ನೀರು ನಿಂತ ಮನೆಗಳಲ್ಲಿ, ನೆರೆ ಇಳಿದ ಎಷ್ಟೋ ದಿನಗಳ ನಂತರವೂ ಗೋಡೆ ಬೀಳಬಹುದು.

ಮನೆ ಉಳಿಸಿಕೊಳ್ಳಬೇಕೆಂದಿರುವವರು ಮೊದಲು ಮಾಳಿಗೆಯ ಭಾರ ಇಳಿಸಲಿ. ಹಳೆ ಮಣ್ಣನ್ನು ಕೆರೆದು ತೆಗೆದು, ತೆಳುವಾಗಿ ಹೊಸದು ಹಾಸಿ, ನೀರು ಹರಿದುಹೋಗುವ ದೋಣಿಗಳನ್ನು ಸ್ವಚ್ಛ ಮಾಡಿಸಬೇಕು. ಜಂತಿಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಗೆದ್ದಲು, ಕೊಳೆತ ಇದೆಯೇ ಎಂದು ಕುಟ್ಟಿ ನೋಡಿಸಿ. ಗೋಡೆ ಹೊಟ್ಟೆ ಬಂದಂತೆ ಉಬ್ಬಿದ್ದರೆ ಆ ಕೋಣೆಯಲ್ಲಿ ಮಲಗುವುದನ್ನು ಅಂದೇ ಬಿಡಿ, ಎಂಜಿನಿಯರ್ ಒಬ್ಬರಿಗೆ ತೋರಿಸಿ. ಕೆಡವಲೇಬೇಕೆಂದರೂ ಜೆಸಿಬಿ ತರಿಸುವ ಮೊದಲು ಪಕ್ಕದ ಮನೆಯವರಿಗೆ ಹೇಳಿ. ಓಣಿಯ ಹಳೆ ಮನೆಗಳಲ್ಲಿ ನಡುವಿನ ಗೋಡೆ ಸಾಮಾನ್ಯವಾಗಿ ಇಬ್ಬರದೂ ಆಗಿರುತ್ತದೆ, ಅವರ ಜಂತಿಯೂ ಅದರ ಮೇಲೇ ಕೂತಿರುತ್ತದೆ.