ಪೀಚ್ ಹಣ್ಣಿನ ಹುಡುಗ ಯುದ್ಧಕ್ಕೆ ಹೋದ ಕಥೆ

ಮರದ ಕೆಳಗೆ ನೆಲದ ಮೇಲೆ ಒಂದು ನಕ್ಷೆ ಬರೆದಿದೆ. ಪುಟ್ಟ ಪ್ರಾಣಿಮರಿಗಳು ಮರ ಹತ್ತಿ ಅದರ ಮೇಲೆ ಧುಮುಕುತ್ತಿವೆ. ಅವು ಆಡುತ್ತಿರುವುದು ಪ್ಯಾರಾಚೂಟ್ ಸೈನಿಕರ ಆಟ. ನಕ್ಷೆ ಅಮೆರಿಕದ್ದು. ಜಪಾನಿನ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಸಿನಿಮಾ ಮುಗಿಯುವುದು ಹೀಗೆ.

ಕಾರ್ಟೂನ್ ಅಂದ ಕೂಡಲೇ ನಾವು 'ಮಕ್ಕಳದ್ದು, ನೋಡ್ಲಿ ಬಿಡಿ' ಅಂತೀವಿ. ಆದರೆ ಈ ಸಿನಿಮಾ ಮಾಡಿಸಿದ್ದು ಜಪಾನಿನ ನೌಕಾಪಡೆ. ಹೆಸರು 'ಮೊಮೊತಾರೊ: ಸಮುದ್ರದ ದೈವ ಸೈನಿಕರು'. ನಿರ್ದೇಶಕ ಮಿತ್ಸುಯೊ ಸೆಯೊ. ತೆರೆಗೆ ಬಂದದ್ದು 1945ರ ಏಪ್ರಿಲ್‌ನಲ್ಲಿ.

ಮೊಮೊತಾರೊ ಜಪಾನಿನ ಅಜ್ಜಿಕಥೆಯ ಹುಡುಗ. ಮಕ್ಕಳಿಲ್ಲದ ಮುದುಕಿ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ದೊಡ್ಡ ಪೀಚ್ ಹಣ್ಣು ತೇಲಿ ಬರುತ್ತದೆ. ಅದರೊಳಗೆ ಇವನು. ಬೆಳೆದ ಮೇಲೆ ನಾಯಿ, ಕೋತಿ ಮತ್ತು ಒಂದು ಹಕ್ಕಿಗೆ ಬರಗಿನ ಉಂಡೆ ಕೊಟ್ಟು ಜೊತೆ ಮಾಡಿಕೊಳ್ಳುತ್ತಾನೆ, ರಾಕ್ಷಸರ ದ್ವೀಪಕ್ಕೆ ಹೋಗಿ ಗೆದ್ದು ಬರುತ್ತಾನೆ. ಮನೆಮನೆಗೂ ಗೊತ್ತಿದ್ದ ಕಥೆ. ರಾಕ್ಷಸರ ಜಾಗದಲ್ಲಿ ಬಿಳಿಯರನ್ನು ನಿಲ್ಲಿಸಿದರೆ ನೌಕಾಪಡೆಗೆ ಬೇಕಾದ ಸಿನಿಮಾ ಸಿದ್ಧ.

ಈ ಚಿತ್ರದಲ್ಲಿ ಮೊಮೊತಾರೊ ಸೇನಾಪತಿ. ಇಂಡೋನೇಷ್ಯಾದ ಸುಲವೇಸಿ ದ್ವೀಪಕ್ಕೆ ಅವನ ಪ್ರಾಣಿಸೇನೆ ಇಳಿಯುತ್ತದೆ. ಕೊಂಬಿರುವ ಇಂಗ್ಲಿಷ್ ಅಧಿಕಾರಿಗಳು ತೊದಲುತ್ತಾ ಶರಣಾಗುತ್ತಾರೆ. ಅದಕ್ಕೂ ಮೊದಲು ಒಂದು ಶಾಲೆಯ ದೃಶ್ಯ ಬರುತ್ತದೆ. ದ್ವೀಪದ ಕಾಡುಪ್ರಾಣಿಗಳಿಗೆ ಸೈನಿಕರು ಜಪಾನಿ ಅಕ್ಷರ ಕಲಿಸುತ್ತಾರೆ. ನಮ್ಮ ಅ ಆ ಇ ಈ ಇದ್ದ ಹಾಗೆ ಅವರದು ಅ ಇ ಉ ಎ ಒ. ಪ್ರಾಣಿಗಳು ಮೊದಲು ಗಲಾಟೆ ಮಾಡುತ್ತವೆ, ಹಾಡು ಶುರುವಾದ ಮೇಲೆ ಖುಷಿಯಿಂದ ದನಿಗೂಡಿಸುತ್ತವೆ.

ನೋಡಲು ಮುದ್ದಾಗಿದೆ. ಸಂಸ್ಕೃತಿ ವಿಮರ್ಶಕರು ತಡೆದು ನಿಲ್ಲುವುದು ಇಲ್ಲೇ. ಥಾಮಸ್ ಲಾಮಾರ್ ಎಂಬ ವಿದ್ವಾಂಸರು ಯುದ್ಧಕಾಲದ ಇಂಥ ಚಿತ್ರಗಳಲ್ಲಿ ಬೇರೆ ಬೇರೆ ಜನಾಂಗಗಳನ್ನು ಬೇರೆ ಬೇರೆ ಪ್ರಾಣಿಗಳಾಗಿ ಬದಲಿಸಿದ್ದನ್ನು ವಿವರಿಸಿದ್ದಾರೆ. ದ್ವೀಪದ ಜನರ ಜಾಗದಲ್ಲಿ ಕಾಡುಪ್ರಾಣಿ ಬಂದರೆ, ಹೊರಗಿನಿಂದ ಬಂದವನು ಆಕ್ರಮಣ ಮಾಡಿದವನಂತೆ ಕಾಣುವುದಿಲ್ಲ, ಮೇಷ್ಟರಂತೆ ಕಾಣುತ್ತಾನೆ. ನಿಜದಲ್ಲಿ ಜಪಾನ್ ಸೇನೆ ಇಂಡೋನೇಷ್ಯಾದ ಜನರನ್ನು ಬಲವಂತದ ಕೂಲಿಗೆ ಎಳೆದೊಯ್ದಿತ್ತು. 1942ರಿಂದ 1945ರವರೆಗೆ ಅದೇ ಸೇನೆಯ ಕೈಯಲ್ಲಿದ್ದ ನಮ್ಮ ಅಂಡಮಾನ್‌ನಲ್ಲಿ, ಗೂಢಚಾರರೆಂಬ ಅನುಮಾನದ ಮೇಲೆ ಅನೇಕರನ್ನು ಕೊಂದರು. ಸಿನಿಮಾದಲ್ಲಿ ಇರುವುದು ಹಾಡು ಮಾತ್ರ.

ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಒಸಾಕಾ, ಕೋಬೆ ನಗರಗಳ ಮೇಲೆ ಅಮೆರಿಕದ ಬೆಂಕಿ ಬಾಂಬುಗಳು ಬಿದ್ದಾಗಿತ್ತು. ಪೇಟೆಯ ಶಾಲಾಮಕ್ಕಳನ್ನು ಹಳ್ಳಿಗಳಿಗೆ ಕಳಿಸಿದ್ದರು. ಒಸಾಕಾದ ಚಿತ್ರಮಂದಿರದಲ್ಲಿ ಕೂತು ನೋಡಿದ 16 ವರ್ಷದ ಹುಡುಗನೊಬ್ಬ, ತಾನೂ ಮುಂದೆ ಇಂಥದ್ದು ಮಾಡಬೇಕು ಅಂದುಕೊಂಡ. ಅವನೇ ಒಸಾಮು ತೆಜುಕಾ. 1963ರಲ್ಲಿ ಟಿವಿಗೆ 'ಆಸ್ಟ್ರೋ ಬಾಯ್' ತಂದು ಇಂದಿನ ಜಪಾನಿ ಅನಿಮೇಷನ್‌ಗೆ ದಾರಿ ಹಾಕಿದವರು.

ಇನ್ನು 1988ಕ್ಕೆ ಬನ್ನಿ. ಇಸಾವೊ ತಕಹಾತ ನಿರ್ದೇಶನದ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್', ಅಂದರೆ ಮಿಂಚುಹುಳುಗಳ ಸಮಾಧಿ. ಕೋಬೆಯ ಬಾಂಬ್ ದಾಳಿಯಲ್ಲಿ ತಾಯಿ ಸತ್ತ ಮೇಲೆ 14 ವರ್ಷದ ಸೇತಾ, 4 ವರ್ಷದ ತಂಗಿ ಸೆತ್ಸುಕೊಳನ್ನು ಸಾಕಲು ಹೆಣಗುತ್ತಾನೆ. ಆಕೆ ಹಸಿವಿನಿಂದ ಸಾಯುತ್ತಾಳೆ. ಮೂಲ ಕಥೆ ಬರೆದ ಅಕಿಯುಕಿ ನೊಸಾಕ ಅದೇ ಯುದ್ಧದಲ್ಲಿ ತಮ್ಮ ಪುಟ್ಟ ತಂಗಿಯನ್ನು ಹಾಗೇ ಕಳೆದುಕೊಂಡವರು. ತಕಹಾತ ಕೂಡ 9ನೇ ವಯಸ್ಸಿನಲ್ಲಿ ಒಕಾಯಾಮಾ ನಗರದ ಬಾಂಬ್ ದಾಳಿಯಲ್ಲಿ ಬದುಕಿ ಉಳಿದವರು.

ಈ ಸಿನಿಮಾ ನೋಡಿ ಅಳದವರು ಕಡಿಮೆ. ಆದರೂ ಸುಸಾನ್ ನೇಪಿಯರ್ ಎಂಬ ವಿದ್ವಾಂಸೆ 2001ರ ತಮ್ಮ ಪುಸ್ತಕದಲ್ಲಿ ಇದನ್ನು 'ಬಲಿಪಶುವಿನ ಇತಿಹಾಸ' ಎಂಬ ದೃಷ್ಟಿಯಿಂದ ನೋಡಿದರು. ಬಾಂಬು ಆಕಾಶದಿಂದ ಬೀಳುತ್ತದೆ. ಯುದ್ಧ ಎಲ್ಲಿಂದ ಶುರುವಾಯಿತು, ಚೀನಾ, ಕೊರಿಯಾದಲ್ಲಿ ಏನಾಯಿತು ಎಂಬುದು ಕಾಣುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಸೇತಾನ ತಂದೆ ನೌಕಾಪಡೆಯ ಅಧಿಕಾರಿ. ಅಪ್ಪ ಬಂದು ಸೇಡು ತೀರಿಸುತ್ತಾನೆ ಅಂತಲೇ ಹುಡುಗ ನಂಬಿರುತ್ತಾನೆ. ಮೊಮೊತಾರೊ ಚಿತ್ರ ಮಾಡಿಸಿದ್ದೂ ಅದೇ ನೌಕಾಪಡೆ. ಅಮೆರಿಕದ ನಕ್ಷೆಯ ಮೇಲೆ ಧುಮುಕುವ ಆಟ ಹೇಳಿಕೊಟ್ಟದ್ದು ಇಂಥ ಹುಡುಗರಿಗೇ.

ಹಾಗಂತ ಸೆತ್ಸುಕೊಳ ಹಸಿವು ಸುಳ್ಳಾಗುವುದಿಲ್ಲ. ತಕಹಾತ ಅವರೇ ಇದು ಯುದ್ಧವಿರೋಧಿ ಚಿತ್ರವಲ್ಲ ಎಂದು ಹಲವು ಬಾರಿ ಹೇಳಿದ್ದರು. ಸಂಕಟ ತೋರಿಸಿದರೆ ಸಾಕು, ಯುದ್ಧ ನಿಲ್ಲುತ್ತದೆ ಎಂಬ ನಂಬಿಕೆ ಅವರಿಗಿರಲಿಲ್ಲ.

ಮೊದಲ ಚಿತ್ರ ನಗಿಸುತ್ತದೆ, ಎರಡನೆಯದು ಅಳಿಸುತ್ತದೆ. ಸುಲವೇಸಿಯ ಕೂಲಿಯವನು ಎರಡರಲ್ಲೂ ಇಲ್ಲ. ಮುಂದಿನ ಸಲ ಮಗು ಪಕ್ಕದಲ್ಲಿ ಕೂತು ಕಾರ್ಟೂನ್ ನೋಡುವಾಗ, ಈ ಕಥೆಯಲ್ಲಿ ಯಾರನ್ನು ಬಿಟ್ಟಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ. ಮಕ್ಕಳಿಗೆ ಬೇಗ ಹೊಳೆಯುತ್ತದೆ.