ಕೊಲೆಸ್ಟರಾಲೂ ಎಲುಬೂ: ಒಂದು ಹಳೆಯ ನೆಂಟಸ್ತಿಕೆ

ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತ ತಿರುವುವ ಗುಮಾಸ್ತರು ನಾವು. ಆದರೂ ಬಿ.ಎಸ್‌ಸಿ. ಓದಿದವರೆಂಬ ಕಾರಣಕ್ಕೆ ಭಿವಂಡಿಯ ನೆರೆಹೊರೆಯವರು ರಕ್ತಪರೀಕ್ಷೆಯ ಕಾಗದಗಳನ್ನು ನಮ್ಮ ಮುಂದೆ ಹರಡುವುದುಂಟು. ಕಳೆದ ಮಳೆಗಾಲದಲ್ಲಿ, ಪವರ್‌ಲೂಮಿನಲ್ಲಿ ದುಡಿಯುವ ವಿಜಾಪುರದ ಕಡೆಯ ತರುಣನೊಬ್ಬ ತಾಯಿಯ ಎರಡು ಕಾಗದ ತಂದ. ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ಒಂದು ಕಾಗದದಲ್ಲಿ ಕೊಲೆಸ್ಟರಾಲ್ ಹೆಚ್ಚು, ಇನ್ನೊಂದರಲ್ಲಿ ಎಲುಬಿನ ಸಾಂದ್ರತೆ ಕಡಿಮೆ.

“ಕೊಲೆಸ್ಟರಾಲಿನ ಗುಳಿಗಿ ಎಲುಬು ತಿಂತಾವಂತ್ರೀ, ಅದಕ್ಕ ಅವ್ವ ಗುಳಿಗಿ ಬಿಟ್ಟಾಳ. ಖರೇ ಏನ್ರಿ?” ಎಂದು ಕೇಳಿದ.

ಆ ತಾಯಿಗೆ ಹಿಂದೊಮ್ಮೆ ಎದೆನೋವು ಬಂದು ಆಸ್ಪತ್ರೆ ಸೇರಿದ್ದು ನಮಗೆ ಗೊತ್ತಿತ್ತು. ಗುಳಿಗೆ ಬಿಡುವುದು ಹುಡುಗಾಟವಲ್ಲ, ಮೊದಲು ಡಾಕ್ಟರರಲ್ಲಿಗೆ ಕರೆದೊಯ್ಯಿ ಎಂದು ಕಳಿಸಿದೆವು. ಪ್ರಶ್ನೆ ಮಾತ್ರ ನಮ್ಮಲ್ಲೇ ಉಳಿಯಿತು. ಹಳೆಯ ಪುಸ್ತಕಗಳನ್ನು ತಿರುವಿದಾಗ ಕಂಡದ್ದು ಬೇರೆಯೇ ಕಥೆ.

ಕೊಲೆಸ್ಟರಾಲ್ ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲಿನಲ್ಲಿ. 1815ರ ಸುಮಾರಿಗೆ ಫ್ರಾನ್ಸಿನ ಷೆವ್ರಲ್ ಎಂಬ ರಸಾಯನಜ್ಞ ಗ್ರೀಕಿನ ‘ಪಿತ್ತ’ ಮತ್ತು ‘ಗಟ್ಟಿ’ ಎಂಬ ಎರಡು ಪದಗಳನ್ನು ಕೂಡಿಸಿ ಅದಕ್ಕೆ ಹೆಸರಿಟ್ಟ. ಎಲುಬಿಗೂ ಅದಕ್ಕೂ ನಂಟಿದೆಯೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಆ ನಂಟು ಹೊರಬಿದ್ದದ್ದು ಮಕ್ಕಳ ಎಲುಬು ಬಾಗಿಸುವ ರಿಕೆಟ್ಸ್ ರೋಗದ ಮೂಲಕ. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಷಿನ್‌ಸ್ಕಿ ಪಾದರಸದ ದೀಪದ ಅತಿನೇರಳೆ ಬೆಳಕಿನಿಂದ ಇಂಥ ಮಕ್ಕಳನ್ನು ಗುಣಪಡಿಸಿದ. ಅದೇ ವರ್ಷ ಇಂಗ್ಲೆಂಡಿನ ಮೆಲನ್‌ಬಿ, ಮನೆಯೊಳಗೇ ಬೆಳೆದ ನಾಯಿಮರಿಗಳಿಗೆ ಕಾಡ್ ಮೀನಿನ ಎಣ್ಣೆ ಕೊಟ್ಟು ರೋಗ ತಡೆಯಬಹುದೆಂದು ತೋರಿಸಿದ. ಬೆಳಕೋ ಎಣ್ಣೆಯೋ ಎಂಬ ವಾದ ಎದ್ದಿತು. ಈ ವಾದದಲ್ಲಿ ನಮ್ಮ ನೆರೆಯ ಊರಿಗೂ ಪಾಲುಂಟು. ಭಿವಂಡಿಯ ಅಂಚಿನಲ್ಲಿ ಹಾಯುವ ಆಗ್ರಾ ರಸ್ತೆ ಹಿಡಿದರೆ ಸಿಗುವ ನಾಸಿಕದಲ್ಲಿ ಹಚಿನ್‌ಸನ್ ಮತ್ತು ಷಾ ಎಂಬಿಬ್ಬರು ಮನೆಮನೆಯ ಮಕ್ಕಳನ್ನೂ ತಾಯಂದಿರನ್ನೂ ಪರೀಕ್ಷಿಸಿ 1922ರಲ್ಲಿ ಪ್ರಕಟಿಸಿದರು. ಅರೆಹೊಟ್ಟೆ ಉಂಡು ಹೊಲದಲ್ಲಿ ದುಡಿಯುವ ಬಡವರಲ್ಲಿ ರೋಗ ಕಾಣಲಿಲ್ಲ. ಚೆನ್ನಾಗಿ ಉಂಡು ಪರದೆಯೊಳಗೆ ಉಳಿದ ಅನುಕೂಲಸ್ಥರ ಮನೆಗಳಲ್ಲಿ ಕಂಡಿತು. ಇಂಥ ಕೆಲಸ ನಮ್ಮ ಮಗ್ಗಲಲ್ಲೇ ನಡೆದದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮುಂದೆ ನ್ಯೂಯಾರ್ಕಿನ ಹೆಸ್, ಕೊಲೆಸ್ಟರಾಲಿಗೆ ಅತಿನೇರಳೆ ಬೆಳಕು ಹಾಯಿಸಿದರೆ ಅದು ರಿಕೆಟ್ಸ್ ತಡೆಯುವುದೆಂದು ಕಂಡ. ಕೊಲೆಸ್ಟರಾಲೇ ಡಿ ಜೀವಸತ್ವದ ತಾಯಿ ಎಂದು ಎಲ್ಲರೂ ನಂಬಿದರು. ಆದರೆ ಅದನ್ನು ಚೆನ್ನಾಗಿ ಶುದ್ಧಿ ಮಾಡಿದಾಗ ಗುಣ ಮಾಯವಾಯಿತು! ಗುಣವಿದ್ದದ್ದು ಅದರೊಳಗಿನ ಕಲಬೆರಕೆಯಲ್ಲಿ. ಸ್ಟೆರಾಲುಗಳ ಮೇಲಿನ ಕೆಲಸಕ್ಕೆ 1928ರಲ್ಲಿ ನೊಬೆಲ್ ಪಡೆದ ಜರ್ಮನಿಯ ವಿಂಡೌಸ್ 1930ರ ದಶಕದಲ್ಲಿ ಗಂಟು ಬಿಡಿಸಿದ. ನಮ್ಮ ಚರ್ಮದಲ್ಲಿ ಕೊಲೆಸ್ಟರಾಲ್ ತಯಾರಾಗುವುದಕ್ಕೆ ಒಂದು ಮೆಟ್ಟಿಲು ಮುಂಚಿನ ವಸ್ತುವೊಂದಿದೆ. ಬಿಸಿಲು ಬಿದ್ದರೆ ಅದು ಡಿ ಜೀವಸತ್ವದ ದಾರಿ ಹಿಡಿಯುತ್ತದೆ, ಇಲ್ಲವಾದರೆ ಕೊಲೆಸ್ಟರಾಲ್ ಆಗುತ್ತದೆ. ಇಷ್ಟರಿಂದ, ಬಿಸಿಲು ಕಾದರೆ ರಕ್ತದ ಕೊಲೆಸ್ಟರಾಲ್ ಇಳಿದೀತೆಂದು ಯಾರೂ ಲೆಕ್ಕ ಹಾಕಬಾರದು. ಅದರ ಬಹುಪಾಲು ಬೇರೆಡೆ ತಯಾರಾಗುವಂಥದು.

ಇನ್ನು ಗುಳಿಗೆಯ ಮಾತು. ಜಪಾನಿನ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಮೊದಲ ಸ್ಟಾಟಿನ್ ತೆಗೆದ. 1987ರಲ್ಲಿ ಅಮೆರಿಕದಲ್ಲಿ ಲೋವಾಸ್ಟಾಟಿನ್ ಮಾರುಕಟ್ಟೆಗೆ ಬಂತು. 1999ರಲ್ಲಿ, ಸ್ಟಾಟಿನ್ ಕೊಟ್ಟ ಇಲಿಗಳಲ್ಲಿ ಎಲುಬು ಬೆಳೆಯಿತೆಂಬ ವರದಿ ಬಂದಾಗ ದೊಡ್ಡ ಆಸೆ ಹುಟ್ಟಿತು. ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳಲ್ಲಿ ಎಲುಬು ಮುರಿಯುವುದು ಅದರಿಂದ ಕಡಿಮೆಯಾಗಲಿಲ್ಲ. ಹೆಚ್ಚಾಗಲೂ ಇಲ್ಲ. ಕೆಲವರಿಗೆ ಮೈಕೈ ನೋವು ಬರುವುದುಂಟು. ಅದು ಸ್ನಾಯುವಿನದು, ಎಲುಬಿನದಲ್ಲ.

ಹಾಗಾದರೆ ಒಂದೇ ಹೆಂಗಸಿನಲ್ಲಿ ಎರಡೂ ಕೆಡುವುದೇಕೆ? ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕುಗ್ಗುತ್ತದೆ. ಎಲುಬು ಸವೆಯುವುದೂ ಎಲ್‌ಡಿಎಲ್ ಏರುವುದೂ ಆ ಹೊತ್ತಿನಲ್ಲೇ. ಅತ್ತ ಮೈತೂಕ ಹೆಚ್ಚಿದ್ದವರಲ್ಲಿ ಕೊಲೆಸ್ಟರಾಲೂ ಹೆಚ್ಚು, ಎಲುಬೂ ಸಾಮಾನ್ಯವಾಗಿ ಗಟ್ಟಿ. ಹೀಗೆ ಎಳೆಗಳು ಸಿಕ್ಕಾಗಿರುವುದರಿಂದಲೇ ವಯಸ್ಕರ ಕೊಲೆಸ್ಟರಾಲನ್ನೂ ಎಲುಬಿನ ಸಾಂದ್ರತೆಯನ್ನೂ ಹೋಲಿಸಿದ ಅಧ್ಯಯನಗಳು ಒಂದೊಂದು ಒಂದೊಂದು ಮಾತು ಹೇಳುತ್ತವೆ. ಒಂದು ಇನ್ನೊಂದನ್ನು ತಿನ್ನುತ್ತದೆಂದು ತೀರ್ಪು ಕೊಡುವುದು ನಮ್ಮ ಮಟ್ಟಿಗೆ ಆತುರವೇ.

ನಾಸಿಕದ ಪಾಠ ಮಾತ್ರ ಹಳತಾಗಿಲ್ಲ. 2000ರಲ್ಲಿ ಪ್ರಕಟವಾದ ದಿಲ್ಲಿಯ ಅಧ್ಯಯನದಲ್ಲಿ ಬಿಸಿಲಿನಲ್ಲಿ ಓಡಾಡುವ ಸೈನಿಕರಿಗಿಂತ ಆಸ್ಪತ್ರೆಯೊಳಗೆ ದುಡಿಯುವ ವೈದ್ಯರು, ದಾದಿಯರ ರಕ್ತದಲ್ಲೇ ಡಿ ಜೀವಸತ್ವ ಬಹಳ ಕಡಿಮೆ ಇತ್ತು.

ದೀಪಾವಳಿಯ ಹೊತ್ತಿಗೆ ಆ ತರುಣ ಮತ್ತೆ ಬಂದ. ಡಾಕ್ಟರರು ಸ್ಟಾಟಿನ್ ಮತ್ತೆ ಶುರು ಮಾಡಿಸಿ, ಎಲುಬಿಗೆ ಬೇರೆ ಔಷಧ ಬರೆದಿದ್ದರು. ತಾಯಿ ಈಗ ಹತ್ತು ಗಂಟೆಯ ಮೇಲೆ ಚಾಳಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂಡುತ್ತಾಳಂತೆ. “ನೀನೋ?” ಎಂದು ಕೇಳಿದೆವು. ನಕ್ಕ. ಅವನದು ಹನ್ನೆರಡು ತಾಸಿನ ಪಾಳಿ. ಟ್ಯೂಬ್‌ಲೈಟಿನ ಷೆಡ್ಡಿಗೆ ಹೊತ್ತು ಏರುವ ಮೊದಲೇ ಹೋಗಬೇಕು.